ಒಣಗಿದ ಬೂಟಿನ ರೈಟರ್

ಕಕ್ಕಬೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಬೆಳ್ಯಪ್ಪ ರೈಟರ್. ಹಾಜರಿ ಬರೆಯುವುದು, ಕೆಲಸ ಹಂಚುವುದು, ಮೀಸೆ ತಿರುವುವುದು, ಇಷ್ಟು ಅವರ ಕೆಲಸ. ಮೂರನೆಯದನ್ನು ಯಾರೂ ವಹಿಸಿರಲಿಲ್ಲ, ತಾನೇ ಮೈಮೇಲೆ ಹಾಕಿಕೊಂಡದ್ದು ಎಂದು ಈಗ ಅವರೇ ಹೇಳಿ ನಗುತ್ತಾರೆ. ನಾಲ್ಕನೆಯದೊಂದಿತ್ತು: ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದರೆ ದಿನಾ ಬೆಳಿಗ್ಗೆ ಮೊದಲು ತೋಟ ಸುತ್ತಿ, ಆನೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಆಳುಗಳನ್ನು ಒಳಗೆ ಬಿಡಬೇಕು.

ಅಯ್ಯೋ, ಬೆಳ್ಯಪ್ಪನವರಿಗೆ ಆನೆಯೆಂದರೆ ಪ್ರಾಣಭಯ. ಕ್ಯಾಲೆಂಡರಿನ ಗಣಪತಿಗೂ ಎರಡು ಮಾರು ದೂರದಿಂದಲೇ ಕೈ ಮುಗಿಯುವ ಜೀವ. ಅಜ್ಜನ ಕೋವಿ ಗೋಡೆಯಲ್ಲಿ ನೇತಾಡುವ ಮನೆಯವರು ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹಾಗಾಗಿ ಒಲೆ ಮುಂದೆ ಕೂತು, ಬೆಲ್ಲದ ಕಾಫಿ ಹೀರುತ್ತ, ಸಾಹುಕಾರರ ವಾಟ್ಸಾಪಿಗೆ 'ತೋಟ ಕ್ಲಿಯರ್' ಎಂದು ಒತ್ತುತ್ತಿದ್ದರು.

"ಒಲೆ ಹಿಂದೆ ಆನೆ ಇಲ್ಲ ಅಂತನಾ?" ಎನ್ನುತ್ತಿದ್ದಳು ಹೆಂಡತಿ ಹೊನ್ನಮ್ಮ.

ಆಮೇಲೆ ಆಳುಗಳ ಮುಂದೆ ನಿಂತು ಬಡಾಯಿ: "ಮೂಲೆ ಮೂಲೆ ನೋಡಿ ಬಂದಿದ್ದೇನೆ, ಹೋಗಿ!" ಏಳು ವರ್ಷ ಒಂದು ಅನಾಹುತವೂ ಆಗಲಿಲ್ಲ. ಮೊದಮೊದಲು ಅದು ಇಗ್ಗುತಪ್ಪ ದೇವರ ದಯೆ ಎನ್ನುತ್ತಿದ್ದರು. ಬರಬರುತ್ತ ತನ್ನ ಸಾಮರ್ಥ್ಯವೇ ಎಂದು ಅವರಿಗೆ ಖಚಿತವಾಯಿತು.

ಹೋದ ಜನವರಿಯ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಜೀಪೊಂದು ನಿಂತಿತ್ತು. ಯಾವುದೋ ಹೋಂಸ್ಟೇಯದ್ದಿರಬೇಕು ಎಂದುಕೊಂಡು ಬೆಳ್ಯಪ್ಪ ಒಳಬಂದರೆ, ಆಳುಗಳ ಲೈನುಮನೆಯ ಹೆಂಗಸರೆಲ್ಲ ಸೊಂಟಕ್ಕೆ ಚೀಲ ಕಟ್ಟಿ ಕಾಯುತ್ತಿದ್ದಾರೆ. ಅವರಲ್ಲಿ ಹಿರಿಯಳಾದ ಚಿನ್ನಿ ಮುಂದೆ ಬಂದಳು.

"ರೈಟ್ರೇ, ಇವತ್ತು ತೋಟ ನೋಡಿದ್ರಾ?"

ಏಳು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ! "ಇದೆಂಥ ಮಾತು? ನೋಡದೆ ಬಿಡ್ತೇನಾ?"

"ಸರಿಯಾಗಿ ಹೇಳಿ. ಮಾರನಿಗೆ ಜ್ವರ, ಇವತ್ತು ಎದ್ದೇ ಇಲ್ಲ."

ಚಿನ್ನಿಯ ಗಂಡನ ಜ್ವರಕ್ಕೂ ತೋಟಕ್ಕೂ ಏನು ಸಂಬಂಧವೋ ಅವರಿಗೆ ತಿಳಿಯಲಿಲ್ಲ. 'ನೋಡಿದ್ದೇನೆ' ಎನ್ನುವ ಮಾತು ಮಾಮೂಲಿನಂತೆ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಚಿನ್ನಿಯ ಬೆನ್ನ ಹಿಂದೆ ಅವಳ ಸೊಸೆ ಶೋಭಿತಾ ಕಂಡಳು. ನಾಲ್ಕು ತಿಂಗಳ ಬಸುರಿ. ಓಡು ಎಂದರೆ ಈ ಹುಡುಗಿ ಎಷ್ಟು ಓಡಿಯಾಳು? ಬೆಳ್ಯಪ್ಪ ಮೀಸೆಯಿಂದ ಕೈ ತೆಗೆದರು.

"ಇಲ್ಲ ಚಿನ್ನಿ. ನೋಡಿಲ್ಲ. ಇವತ್ತು ಮಾತ್ರ ಅಲ್ಲ, ಯಾವತ್ತೂ ನೋಡಿಲ್ಲ. ನಂಗೆ ಹೆದರಿಕೆ."

ಹೆಂಗಸರು ಕಿಸಕ್ಕನೆ ನಕ್ಕರು.

"ಗೊತ್ತು ಬಿಡಿ," ಎಂದಳು ಚಿನ್ನಿ. "ಈ ಇಬ್ಬನಿಯಲ್ಲಿ ತೋಟ ಸುತ್ತಿದವರ ಬೂಟು ಹೀಗೆ ಒಣಗಿರ್ತದಾ? ದಿನಾ ಮಾರ ನೋಡಿ ಬರ್ತಿದ್ದ. ನಿಮಗೆ ನಾಚಿಕೆ ಆಗ್ತದೆ ಅಂತ ಸುಮ್ಮನಿದ್ದೆವು."

ಶಿವನೇ! ಏಳು ವರ್ಷ ಮೀಸೆ ತಿರುವಿದ್ದೆಲ್ಲ ಮಾರನ ಕಾಲಿನ ಮೇಲೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ಮತ್ತೆ ಇವತ್ತು ಯಾಕೆ ಕೇಳಿದೆ?"

"ಇವತ್ತೂ 'ನೋಡಿದೆ' ಅಂದಿದ್ರೆ ನಾವೆಲ್ಲ ಬೇರೆ ಎಸ್ಟೇಟಿಗೆ ಹೋಗ್ತಿದ್ದೆವು. ಅಗೋ, ಜೀಪು ನಿಂತಿದೆ."

ಬೆಳ್ಯಪ್ಪ ಜೀಪು ನೋಡಿದರು, ತೋಟ ನೋಡಿದರು. "ಹೇಗೆ ನೋಡೋದು ಅಂತ ನೀನೇ ಹೇಳಿಕೊಡು. ಬರ್ತೇನೆ."

ಚಿನ್ನಿ ಮುಂದೆ, ರೈಟರ್ ಹಿಂದೆ. ಹೊಳೆಬದಿಯ ತಿರುವಿನಲ್ಲಿ ಚಿನ್ನಿ ಕೈ ಅಡ್ಡ ಹಿಡಿದಳು. ದಾರಿ ಮಧ್ಯೆ ಹಬೆಯಾಡುವ ಲದ್ದಿ. ಆಚೆ ಬಿದಿರು ಲಟಕ್ಕೆಂದಿತು.

"ನನ್ನ ಕಾಲು ನಡುಗ್ತಿದೆ," ಎಂದು ಪಿಸುಗುಟ್ಟಿದರು ಬೆಳ್ಯಪ್ಪ.

"ನಮ್ಮದೂ ನಡುಗ್ತದೆ. ಮೆಲ್ಲ ಹಿಂದೆ ಬನ್ನಿ."

ಆ ದಿನ ಎಲ್ಲರಿಗೂ ಕಣದಲ್ಲಿ ಕಾಫಿ ಹರಡುವ ಕೆಲಸ. ಜೀಪು ಖಾಲಿ ಹೋಯಿತು. ಸಾಹುಕಾರರಿಗೆ ಬೆಳ್ಯಪ್ಪ ಬರೆದರು: 'ಆನೆ ಇದೆ. ಕಂಡುಹಿಡಿದದ್ದು ಚಿನ್ನಿ. ನಾನು ಅವಳ ಬೆನ್ನ ಹಿಂದೆ ಇದ್ದೆ.'

ಮಧ್ಯಾಹ್ನ ಊಟಕ್ಕೆ ಹೋಗಿ ಬೂಟು ಬಿಚ್ಚಿದಾಗ ಹೊನ್ನಮ್ಮ ಎತ್ತಿ ನೋಡಿ ಗಾಬರಿಯಾದಳು.

"ಇದೇನು, ಒದ್ದೆಮುದ್ದೆ! ಎಲ್ಲಿ ಬಿದ್ರಿ?"