ನಪಾಸಿನ ಸ್ತೋತ್ರ

ದೇವರು ನನಗೆ ಕೊಟ್ಟ ಒಂದೇ ಒಂದು ವರವೆಂದರೆ ದೊಡ್ಡ ದನಿ. ಮೈಕು ಕೈಕೊಟ್ಟರೂ ಚಿಂತೆಯಿಲ್ಲವೆಂದು, ಚಿಕ್ಕೋಡಿ ಹತ್ತಿರದ ನಮ್ಮ ಸಣ್ಣ ಚರ್ಚಿನಲ್ಲಿ ಸ್ತೋತ್ರದ ಚೀಟಿ ಓದುವ ಕೆಲಸವನ್ನು ನನಗೆ ಗಂಟು ಹಾಕಿದ್ದಾರೆ. ನಮ್ಮಲ್ಲಿ ಒಳ್ಳೆಯದೇನಾದರೂ ಆದರೆ ದೇವರಿಗೆ ಕೃತಜ್ಞತೆಯ ಕಾಣಿಕೆಯನ್ನು ಲಕೋಟೆಯಲ್ಲಿಟ್ಟು, ಜೊತೆಗೆ ಕಾರಣ ಬರೆದ ಚೀಟಿ ಕೊಡುವುದು ವಾಡಿಕೆ. ರವಿವಾರ ಅದನ್ನು ಸಭೆಯ ಮುಂದೆ ಓದಬೇಕು. ಏಕಸಂಬಿಯವರಿಗೆ ಹೊಸ ಟ್ರ್ಯಾಕ್ಟರ್ ಬಂತು, ಸ್ತೋತ್ರ. ಬೋರಗಾಂವದವರು ಮತ್ತೆರಡು ಪಾವರ್‌ಲೂಮ್ ಹಾಕಿದರು, ಸ್ತೋತ್ರ. ಯಾರದೋ ಅಜ್ಜಿಯ ಜ್ವರ ಬಿಟ್ಟಿತು, ಅದಕ್ಕೂ ಸ್ತೋತ್ರ.

"ಟ್ರ್ಯಾಕ್ಟರ್ ಬಂದ್ರ ಒದರ್ತೀರಿ, ಜ್ವರ ಬಿಟ್ರ ಗುಣುಗುಣು ಅಂತೀರಿ," ಎಂದು ನನ್ನ ಹೆಂಡತಿ ಒಮ್ಮೆ ಹೇಳಿದಳು. ನಾನು ಸಿಟ್ಟಾದೆ. ಮುಂದಿನ ವಾರ ನನ್ನ ದನಿಯನ್ನು ನಾನೇ ಕೇಳಿಸಿಕೊಂಡಾಗ ಅವಳ ಮಾತು ಸುಳ್ಳಲ್ಲ ಅನ್ನಿಸಿತು.

ಬೈಬಲಿನ ಕಥೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ಒಬ್ಬನೇ ತಿರುಗಿ ಬಂದು ಸ್ತೋತ್ರ ಹೇಳಿದನಂತೆ. ನಮ್ಮಲ್ಲಿ ಹತ್ತಕ್ಕೆ ಹತ್ತೂ ಮಂದಿ ಬರುತ್ತಾರೆ, ಲಕೋಟೆ ಸಮೇತ. ಆದರೆ ಗುಣವಾಗದವನು ಎಲ್ಲಿ ಕೂಡಬೇಕು? ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ, ನನ್ನ ಮಗಳು ಕರುಣಾ ಪಿಯುಸಿಯಲ್ಲಿ ನಪಾಸಾಗುವವರೆಗೆ. ಅದೂ ಗಣಿತದಲ್ಲಿ. ಊರ ಮಕ್ಕಳಿಗೆಲ್ಲ ಗಣಿತ ಕಲಿಸಿದ ಮಾಸ್ತರ ನಾನು!

ಫಲಿತಾಂಶ ಬಂದ ಮೇಲಿನ ರವಿವಾರ ಪಾಸಾದವರ ಚೀಟಿಗಳ ಸುಗ್ಗಿ. ಕರುಣಾ ಚರ್ಚಿಗೆ ಬರಲೊಲ್ಲೆ ಎಂದಳು.

"ಎಲ್ಲಾರ ಹೆಸರೂ ನೀನs ಓದ್ತಿ ಪಪ್ಪಾ. ನನ್ನ ಹೆಸರು ಇರಂಗಿಲ್ಲ."

ಮೂರು ವಾರ ಅವಳು ಮನೆ ಬಿಟ್ಟು ಹೊರಬೀಳಲಿಲ್ಲ, ನಮ್ಮ ಜೊತೆ ಊಟಕ್ಕೂ ಕೂಡಲಿಲ್ಲ. ನನಗೆ ನನ್ನ ದನಿಯ ಮೇಲೆಯೇ ಹೇಸಿಗೆ ಬಂತು. ನಾಲ್ಕನೆಯ ಶನಿವಾರ ನಾನೇ ಒಂದು ಚೀಟಿ ಬರೆದು ಅವಳ ಮುಂದಿಟ್ಟೆ: "ಗಣಿತದಲ್ಲಿ ನಪಾಸಾದ ಕರುಣಾಳನ್ನು ನಮಗೆ ಮಗಳಾಗಿ ಕೊಟ್ಟದ್ದಕ್ಕಾಗಿ ದೇವರಿಗೆ ಸ್ತೋತ್ರ."

ಅವಳು ಎರಡು ಸಲ ಓದಿದಳು. "ಖರೇನ ಓದ್ತಿ?"

"ಟ್ರ್ಯಾಕ್ಟರ್ ದನ್ಯಾಗ ಓದ್ತೀನಿ. ನೀ ಬ್ಯಾಡ ಅಂದ್ರ ಹರದ ಒಗೀತೀನಿ."

"ಹಂಗಾರ ನಾನೂ ಬರ್ತೀನಿ," ಎಂದಳು.

ಮರುದಿನ ಆರಾಧನೆಗೆ ಮೊದಲು ಚೀಟಿಗಳನ್ನು ನೋಡಿದ ಸಭೆಯ ಹಿರಿಯರು ಸಮುವೇಲಪ್ಪ ಹೌಹಾರಿದರು. ಕಬ್ಬು ಸಾಗಿಸುವ ಲಾರಿಗಳ ಮಾಲೀಕರು ಅವರು, ಒಳ್ಳೆಯವರೇ.

"ಮಾಸ್ತರ, ಇದೊಂದು ಬಿಟ್ಟಬಿಡ್ರಿ. ನಪಾಸಾಗಿದ್ದನ್ನ ಯಾರರ ಸಾರ್ತಾರೇನ್ರಿ? ದೇವರ ಹೆಸರಿಗೆ ಕಮ್ಮಿ ಅಲ್ಲೇನ್ರಿ?"

ಕಮ್ಮಿಯೇ? ನಾವು ಅಡ್ಡಬೀಳುವ ಆ ದೇವರ ಮಗನ ಸಂಪಾದನೆಯಾದರೂ ಏನು? ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಹತ್ತಿದ್ದು ಯಾರದೋ ಕತ್ತೆ, ಮಲಗಿದ್ದು ಯಾರದೋ ಸಮಾಧಿಯಲ್ಲಿ. ಜೊತೆಗಿದ್ದ ಹನ್ನೆರಡು ಜನರಲ್ಲಿ ಒಬ್ಬ ಮಾರಿದ, ಒಬ್ಬ ಗುರುತೇ ಇಲ್ಲವೆಂದ. ಲೋಕದ ಲೆಕ್ಕದಲ್ಲಿ ಅವನಷ್ಟು ನಪಾಸಾದವನು ಇನ್ನೊಬ್ಬನಿಲ್ಲ. ಪಾಸಾದವರಿಗೆ ಚಪ್ಪಾಳೆ ತಟ್ಟಲು ಇಡೀ ಊರಿದೆ, ಬ್ಯಾನರಿಗೆ ಕಂಬಗಳಿವೆ. ಚರ್ಚೂ ಅದನ್ನೇ ಮಾಡುವುದಾದರೆ ಗೋಡೆಯ ಮೇಲೆ ಶಿಲುಬೆ ಯಾಕೆ, ಟ್ರ್ಯಾಕ್ಟರ್ ತೂಗುಹಾಕಬಹುದಲ್ಲ!

ಇಷ್ಟನ್ನೂ ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. "ಇದನ್ನ ಬಿಟ್ರ ಉಳದದ್ದನ್ನೂ ನೀವs ಓದ್ರಿ," ಎಂದೆ, ಅಷ್ಟೇ. ಅವರು ಚೀಟಿಗಳನ್ನೆಲ್ಲ ನನ್ನ ಕೈಗೆ ಮರಳಿಸಿದರು.

ಓದಲು ನಿಂತೆ. ಹೊಸ ಬೋರಿಗೆ ನೀರು ಬಿದ್ದದ್ದನ್ನು ಓದಿದೆ, ನೌಕರಿ ಸಿಕ್ಕಿದ್ದನ್ನು ಓದಿದೆ. ನನ್ನ ಚೀಟಿ ಬಂತು. ಇಷ್ಟು ವರ್ಷ ಒಮ್ಮೆಯೂ ಕೈಕೊಡದ ದನಿ "ಗಣಿತದಲ್ಲಿ" ಎನ್ನುವಷ್ಟರಲ್ಲಿ ಗುಣುಗುಣುವಿಗೆ ಇಳಿಯಿತು. ಸಭೆಯೆಲ್ಲ ತಲೆ ತಗ್ಗಿಸಿ ಕೂತಿತ್ತು.

ಆಗ ಹೆಣ್ಣುಮಕ್ಕಳ ಸಾಲಿನಿಂದ ಒಂದು ದನಿ ಎದ್ದಿತು. ನನ್ನದೇ ದನಿ, ಆದರೆ ಮಗಳ ಬಾಯಲ್ಲಿ.

"ಕೇಳಸವಲ್ದು ಪಪ್ಪಾ, ಜೋರ ಓದು!"