ಸಾರಿನ ಪಾತ್ರೆಯೂ ಸದ್ದಿಲ್ಲದ ಸ್ಕೂಟರೂ

ಎರಡು ಚಕ್ರದ ಮೇಲೆ ಓಡುವ ಯಾವ ವಸ್ತುವನ್ನಾದರೂ ತಂದು ನನ್ನ ಮುಂದೆ ನಿಲ್ಲಿಸಿ, ಬೇಕಾದರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ. ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಸದ್ದು ಕೇಳಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತೇನೆ. ಕ್ಲಾಂಗ್ ಬಂದರಿನಲ್ಲಿ ಮೂವತ್ತೊಂದು ವರ್ಷ ಸರಕಿನ ಕಾಗದಪತ್ರ ನೋಡಿಕೊಂಡವನು ನಾನು. ಕಿಟಕಿಯ ಪಕ್ಕ ಕೂತು, ಗೇಟಿನಾಚೆ ಹೋಗುವ ಬೈಕಿನ ಪ್ಲಗ್ಗು ಬದಲಿಸಿ ಎಷ್ಟು ದಿನವಾಯಿತು, ಸವಾರ ಬೆಳಿಗ್ಗೆ ಏನು ತಿಂದ, ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನೋ ಇಲ್ಲವೋ ಎಲ್ಲ ಹೇಳುತ್ತಿದ್ದೆ. ಒಮ್ಮೆ ಸಮುದ್ರದಾಚೆ ಸುಮಾತ್ರಾದಲ್ಲಿ ಸ್ಟಾರ್ಟ್ ಆದ ಬೈಕಿಗೆ ಆಯಿಲ್ ಕಡಿಮೆಯಾಗಿದೆ ಎಂದು ಇಲ್ಲಿಂದಲೇ ಹೇಳಿದ್ದುಂಟು. ಆ ದಿನ ಗಾಳಿ ಈ ಕಡೆ ಬೀಸುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಸುಳ್ಳು ಹೇಳಬಾರದು.

ಇಂಥ ನನ್ನನ್ನು ಬಿಟ್ಟು ಆ ಎಲೆಕ್ಟ್ರಿಕ್ ಸ್ಕೂಟರಿನ ಕಂಪನಿಯವರು ಜಯಮಾಲಾಳನ್ನು ಆರಿಸಿದರು.

ಜಯಮಾಲಾ ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಎರಡು ಮಹಡಿ ಕೆಳಗಿರುವವಳು. ಇಪ್ಪತ್ತೆರಡು ವರ್ಷದ ಹಿಂದೆ ಗಂಡನ ಕೆಲಸಕ್ಕೆಂದು ಕಾರ್ಕಳದಿಂದ ಈ ದೇಶಕ್ಕೆ ಬಂದಳು. ಗಂಡನ ಆ ಕೆಲಸ ತಪ್ಪಿಹೋದಾಗ ಪರಿಚಯದ ಒಬ್ಬರಿಗೆ ಮಧ್ಯಾಹ್ನದ ಊಟ ಕಟ್ಟಿಕೊಟ್ಟಳು. ಒಬ್ಬರು ಮೂವರಾದರು, ಮೂವರು ಇಪ್ಪತ್ತಾರಾದರು. ಈ ಊರಲ್ಲಿ ತಪಾವ್, ಅಂದರೆ ಕಟ್ಟಿಕೊಡಿ, ಎಂದರೆ ಸಾಕು, ಹೋಟೆಲಿನವರು ಸಾರನ್ನೂ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಗಂಟು ಬಿಗಿಯುತ್ತಾರೆ. ಜಯಮಾಲಾಳಿಗೆ ಅದು ಆಗದು. ಅನ್ನ ಪಲ್ಯ ಡಬ್ಬಿಯಲ್ಲಿ, ಸಾರು ಮಾತ್ರ ನಾಲ್ಕು ಲೀಟರಿನ ಸ್ಟೀಲ್ ಪಾತ್ರೆಯಲ್ಲಿ. ಊಟ ತರಿಸುವವರ ಆಫೀಸಿನ ಬಾಗಿಲಲ್ಲಿ ನಿಂತು ಬಿಸಿಬಿಸಿಯಾಗಿ ಸೌಟಿನಲ್ಲಿ ಬಡಿಸುತ್ತಾಳೆ. ಹನ್ನೆರಡೂವರೆಗೆ ಅವಳು ಬಂದಳೆಂದರೆ ಅಲ್ಲಿಯ ಜನ ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

ಅವಳು ಸ್ಕೂಟರು ಕಲಿತದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ನಮ್ಮದೇ ಪಾರ್ಕಿಂಗಿನಲ್ಲಿ. ಕಲಿಸಿದವನು ನಾನು. ಕಲಿಸಿದೆ ಎಂದರೆ, ಅವಳು ಮುಂದೆ ಹೋಗುತ್ತಿದ್ದಳು, ನಾನು ಹಿಂದೆ ಓಡುತ್ತ ಬ್ರೇಕ್ ಬ್ರೇಕ್ ಎಂದು ಕೂಗುತ್ತಿದ್ದೆ. ನಾಲ್ಕನೆಯ ದಿನ ಅವಳಿಗೆ ಸ್ಕೂಟರು ಬಂತು, ನನಗೆ ಮಂಡಿನೋವು ಬಂತು.

ಹದಿಮೂರು ವರ್ಷ ದುಡಿದ ಆ ಪೆಟ್ರೋಲ್ ಸ್ಕೂಟರು ಈ ವರ್ಷ ಜೂನಿನಲ್ಲಿ ಕೈಕೊಟ್ಟಿತು. ಜಯಮಾಲಾ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ರೈಲಿನಲ್ಲಿ ಎರಡು ಸಲ ಹೋಗಿ ಬರತೊಡಗಿದಳು. ಊಟ ತಡವಾಯಿತು, ಐದು ಮಂದಿ ಬಿಟ್ಟುಹೋದರು. “ದೀಪಾವಳಿಯವರೆಗೆ ನೋಡುವುದು, ಯಜ್ಞಣ್ಣ. ಆಮೇಲೆ ಒಲೆ ಆರಿಸುವುದೇ,” ಎಂದಿದ್ದಳು.

ಆಗಲೇ ಬಂತು ಆ ಪ್ರಕಟಣೆ. ಕಂಪನಿಯೊಂದು ತನ್ನ ಹೊಸ ಎಲೆಕ್ಟ್ರಿಕ್ ಸ್ಕೂಟರನ್ನು ಮೂವರು ಸವಾರರಿಗೆ ಮೂರು ವಾರ ಕೊಡುತ್ತದೆ. ಅವರು ದಿನವೂ ಓಡಿಸಿ ವರದಿ ಬರೆಯಬೇಕು. ಯಾರ ವರದಿ ಹೆಚ್ಚು ಉಪಯೋಗಕ್ಕೆ ಬಂತೋ ಅವರಿಗೆ ಸ್ಕೂಟರು ಇನ್ನೊಂದು ವರ್ಷ ಉಚಿತ. ನಾನು ನನ್ನ ಕಿವಿಯ ಮಹಿಮೆಯನ್ನೆಲ್ಲ ನಾಲ್ಕು ಪುಟ ಬರೆದು ಕಳಿಸಿದೆ. ಜಯಮಾಲಾ ಎರಡು ಸಾಲು ಬರೆದಳು.

ಆ ಕಂಪನಿಯಲ್ಲಿ ಪರೀಕ್ಷೆಯ ವಿಭಾಗ ನೋಡುವವಳು ನವ್ಯಾ ಎಂಬ ಬೆಂಗಳೂರಿನ ಹುಡುಗಿ. ವಾರಕ್ಕೆರಡು ದಿನ ಒಂದು ಗಂಟೆ ದೂರದ ನಿಲಾಯ್ ಪಕ್ಕದ ಅವರ ಶೆಡ್ಡಿಗೆ ಹೋಗುತ್ತಾಳೆ, ಉಳಿದ ದಿನ ಇಲ್ಲಿಯ ಆಫೀಸಿನಲ್ಲಿರುತ್ತಾಳೆ. ಅವಳು ಮಾಮಕ್ ಅಂಗಡಿಯಲ್ಲಿ ಟೀ ಕುಡಿಯುವಾಗ ಹಿಡಿದು, ನನ್ನನ್ನೇಕೆ ಬಿಟ್ಟಿರಿ ಎಂದು ಕೇಳಿದೆ.

“ಅಂಕಲ್, ನಿಮ್ಮ ಫಾರಂ ಓದಿ ನಮ್ಮ ಬಾಸ್ ಹೆದ್ರಿಬಿಟ್ರು. ನೀವು ಎಕ್ಸ್‌ಪರ್ಟ್ ಅಲ್ವಾ. ನಮಗೆ ಬೇಕಾಗಿರೋದು ನಾರ್ಮಲ್ ಜನ.”

“ನಾನೂ ನಾರ್ಮಲ್ಲೇ.”

“ಸುಮಾತ್ರಾ ಬೈಕಿನ ಕಥೆ ಬರೆದಿದ್ರಲ್ಲ ಅಂಕಲ್.”

ಸ್ಕೂಟರು ಬಂದ ದಿನ ಇಡೀ ಫ್ಲ್ಯಾಟು ಕೆಳಗಿಳಿಯಿತು. ಬಂದದ್ದು ಹಬ್ಬಕ್ಕೆ ತೊಳೆದ ಕುದುರೆಯ ಹಾಗಿತ್ತು. ನಿಂತಲ್ಲಿಂದ ಐವತ್ತು ಕಿಲೋಮೀಟರ್ ವೇಗಕ್ಕೆ ಮೂರು ಸೆಕೆಂಡು ಸಾಕಂತೆ. ಇಕೋ, ಸಿಟಿ, ಸ್ಪೋರ್ಟ್ ಎಂದು ಮೂರು ಮೋಡು. ಅದುವರೆಗೆ ಯಾರ ಬೈಕು ಕೆಮ್ಮಿದರೂ ನನ್ನ ಬಾಗಿಲು ತಟ್ಟುತ್ತಿದ್ದವರೆಲ್ಲ ಅಂದಿನಿಂದ ಎರಡು ಮಹಡಿ ಕೆಳಗೇ ನಿಂತುಬಿಟ್ಟರು. ಎಲ್ಲರ ಬಾಯಲ್ಲೂ ಜಯಮಾಲಕ್ಕ. ನನ್ನ ಹೊಟ್ಟೆಕಿಚ್ಚಿಗೆ ಒಂದು ವೈರು ಸಿಕ್ಕಿಸಿದ್ದರೆ ಆ ಸ್ಕೂಟರು ಚಾರ್ಜ್ ಆಗಿ ನಿಲಾಯಿಗೆ ಹೋಗಿ ಬಂದು, ಮಿಕ್ಕ ಕರೆಂಟಿನಲ್ಲಿ ಫ್ಲ್ಯಾಟಿನ ಲಿಫ್ಟೂ ಓಡುತ್ತಿತ್ತು.

ಅವಳು ಹೇಗೆ ಪರೀಕ್ಷೆ ಮಾಡುತ್ತಾಳೆಂದು ಕಳ್ಳನ ಹಾಗೆ ನೋಡಿದೆ. ಮುಂದೆ ಕಾಲಿಡುವ ಜಾಗದಲ್ಲಿ ಒಂದು ತಟ್ಟೆ, ತಟ್ಟೆಯ ಮೇಲೆ ಸಾರಿನ ಪಾತ್ರೆ, ಪಾತ್ರೆಗೆ ಸಡಿಲ ಮುಚ್ಚಳ. ಆಫೀಸು ತಲುಪಿದ ಮೇಲೆ ತಟ್ಟೆಗೆ ಚೆಲ್ಲಿದ ಸಾರನ್ನು ಚಮಚದಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಒಂದು ದಿನ ಇಣುಕಿ ಓದಿದೆ.

“ಇಕೋದಲ್ಲಿ ಏನೂ ಚೆಲ್ಲಲಿಲ್ಲ, ಆದರೆ ಮೇಲ್ಸೇತುವೆ ಹತ್ತುವಾಗ ಲಾರಿಯವನು ಬೈದ. ಸಿಟಿಯಲ್ಲಿ ಅರ್ಧ ಚಮಚ. ಸ್ಪೋರ್ಟ್: ಸಿಗ್ನಲ್ ಬಿಟ್ಟ ಕೂಡಲೇ ಎರಡು ಚಮಚ. ಸ್ಪೋರ್ಟ್ ಖಾಲಿ ಪಾತ್ರೆಯವರಿಗೆ. ಒಂದು ಚಾರ್ಜಿಗೆ ನೂರಮೂವತ್ತು ಕಿಲೋಮೀಟರ್ ಹೋಗುತ್ತದೆ ಎಂದಿದ್ದರು, ನನ್ನ ಭಾರಕ್ಕೆ ತೊಂಬತ್ತೊಂದು ಹೋಯಿತು. ಬ್ಯಾಟರಿ ಹೊರತೆಗೆದು ಮನೆಯಲ್ಲಿ ಚಾರ್ಜ್ ಮಾಡಬಹುದು. ಹನ್ನೊಂದು ಕಿಲೋ, ಲಿಫ್ಟು ಕೆಟ್ಟ ದಿನ ಇಪ್ಪತ್ತೆರಡು.”

“ಇದೆಂತ ಪರೀಕ್ಷೆ ಮಾರಾಯ್ತಿ? ಟಾರ್ಕ್ ಎಲ್ಲಿ, ಸಸ್ಪೆನ್ಶನ್ ಎಲ್ಲಿ?” ಎಂದೆ.

“ಎಲ್ಲ ಆ ತಟ್ಟೆಯಲ್ಲೇ ಉಂಟು ಯಜ್ಞಣ್ಣ,” ಎಂದಳು.

ಮನೆಗೆ ಬಂದು ಹೆಂಡತಿ ವಾಸಂತಿಯ ಹತ್ತಿರ, ಆ ವರದಿ ಯಾವ ಮೂಲೆಗೂ ಸಾಲದು ಎಂದೆ.

“ಅದಕ್ಕೇ ಮೂರು ದಿನದಿಂದ ನಿದ್ದೆಯಲ್ಲಿ ಕೈ ತಿರುಗಿಸುವುದಾ?” ಎಂದಳು ವಾಸಂತಿ.

ಮೂರನೆಯ ವಾರದ ಕೊನೆಗೆ ಆಯುಧಪೂಜೆ ಬಂತು. ಮರುದಿನ ಸ್ಕೂಟರು ವಾಪಸ್ಸು ಹೋಗಬೇಕು. ಪ್ರತಿವರ್ಷ ನಮ್ಮ ಪಾರ್ಕಿಂಗಿನಲ್ಲಿ ಎಲ್ಲ ವಾಹನಗಳಿಗೂ ಪೂಜೆ ಮಾಡುವವನು ನಾನೇ. ನನ್ನ ಹಳೆಯ ಬೈಕಿಗೆ ಮೊದಲ ಆರತಿ, ದೊಡ್ಡ ಹಾರ. ಇಲ್ಲಿ ಆ ಹಬ್ಬಕ್ಕೆ ರಜೆಯಿಲ್ಲ, ಆದ್ದರಿಂದ ಜಯಮಾಲಾ ಊಟದ ಡಬ್ಬಿ, ಸಾರಿನ ಪಾತ್ರೆ ಎಲ್ಲ ಹೇರಿಕೊಂಡೇ ಸ್ಕೂಟರು ತಂದು ನಿಲ್ಲಿಸಿದಳು. ಕುಂಕುಮ ಹಚ್ಚಿದೆ, ಕಾಯಿ ಒಡೆದೆ, ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಇನ್ನು ಅವಳು ಹತ್ತಿ ಹಣ್ಣಿನ ಮೇಲೆ ಚಕ್ರ ದಾಟಿಸಬೇಕು. ಅಷ್ಟರಲ್ಲಿ ನನ್ನ ಬಾಯಿಂದ ಒಂದು ಹೊಸ ಶಾಸ್ತ್ರ ಹುಟ್ಟಿತು.

“ವಾಹನ ಕಂಪನಿಯದ್ದು, ನಿನ್ನದಲ್ಲ. ಇಂಥದ್ದನ್ನು ಹಿರಿಯರೇ ದಾಟಿಸಬೇಕು.”

“ಹಾಗೆ ಉಂಟಾ?”

“ಉಂಟು,” ಎಂದೆ. ಪಂಚೆ ಎತ್ತಿ ಕಟ್ಟಿ ಹತ್ತಿದೆ, ಸ್ಟ್ಯಾಂಡು ಮಡಚಿದೆ. ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಕಿವಿಯಿಟ್ಟು ಕೇಳಿದೆ, ಸದ್ದಿಲ್ಲ.

“ಯಜ್ಞಣ್ಣ, ಅದು ಸ್ಟಾರ್ಟ್ ಆಗಿಯೇ ಉಂಟು,” ಎಂದಳು ಜಯಮಾಲಾ.

ಕೇಳಿಸಿತು. ಆದರೆ ನಲವತ್ತು ವರ್ಷದ ಅಭ್ಯಾಸ ನೋಡಿ, ಎಂಜಿನ್ನು ಎದ್ದಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಕೈ ತಾನಾಗಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿತು. ಪೆಟ್ರೋಲ್ ಬೈಕಾದರೆ ನ್ಯೂಟ್ರಲ್‌ನಲ್ಲಿ ನಿಂತು ಗುರುಗುಟ್ಟುತ್ತದೆ. ಇದು ಹೊರಟೇಹೋಯಿತು. ನಿಂಬೆಹಣ್ಣು ಎಲ್ಲಿ ಸಿಡಿಯಿತೋ, ನನ್ನ ಪಂಚೆ ಎಲ್ಲಿ ಉಳಿಯಿತೋ ಗೊತ್ತಿಲ್ಲ. ಮೂರು ಸೆಕೆಂಡಿನಲ್ಲಿ ನನ್ನ ಎಪ್ಪತ್ತೊಂದು ವರ್ಷದ ಬಾಳೆಲ್ಲ ಕಣ್ಣಮುಂದೆ ಬಂತು, ಕೊನೆಗೆ ಹಾರ ಹಾಕಿಕೊಂಡು ಎದುರಿಗೆ ನಿಂತ ನನ್ನದೇ ಬೈಕು ಬಂತು.

ನನಗೇನೂ ಆಗಲಿಲ್ಲ. ಸ್ಕೂಟರಿನ ಮಡ್‌ಗಾರ್ಡು ಸೀಳಿತು, ಒಂದು ಕನ್ನಡಿ ಹೋಯಿತು. ಹಿಂದಿನ ಡಬ್ಬಿಗಳು ಉಳಿದವು. ಪಾತ್ರೆ ಮಗುಚಿ ಸಾರೆಲ್ಲ ರಂಗೋಲಿಯ ಮೇಲೆ ಹರಿಯಿತು.

ನಿಜ ಹೇಳುತ್ತೇನೆ. ಒಂದು ಕ್ಷಣ, ಒಂದೇ ಕ್ಷಣ, ಒಳಗೊಂದು ಹುಳ ಚಪ್ಪಾಳೆ ತಟ್ಟಿತು: ಇನ್ನು ಇವಳಿಗೂ ಸಿಗುವುದಿಲ್ಲ. ಆಮೇಲೆ ಜಯಮಾಲಾಳ ಮುಖ ನೋಡಿದೆ. ಅವಳು ಸ್ಕೂಟರನ್ನು ನೋಡುತ್ತಿರಲಿಲ್ಲ, ಬೋರಲಾದ ಪಾತ್ರೆಯನ್ನು ನೋಡುತ್ತಿದ್ದಳು. ಆ ಹುಳ ಅಲ್ಲೇ ಸತ್ತಿತು.

“ಗಂಟೆ ಎಷ್ಟು?” ಎಂದು ಕೇಳಿದಳು.

“ಹನ್ನೊಂದು ಕಾಲು.”

“ವಾಸಂತಕ್ಕನಿಗೆ ಬೇಳೆ ಬೇಯಿಸಲಿಕ್ಕೆ ಹೇಳಿ. ಯಜ್ಞಣ್ಣ, ನಿಮ್ಮ ಬೈಕಿನ ಕೀ ಕೊಡಿ.”

ನಲವತ್ತು ನಿಮಿಷದಲ್ಲಿ ಎರಡು ಅಡುಗೆಮನೆಗಳು ಸೇರಿ ಸಾರು ಇಳಿಸಿದವು. ಸೊಟ್ಟಗಾದ ನನ್ನ ಬೈಕನ್ನು ಅವಳೇ ಓಡಿಸಿದಳು. ಡಬ್ಬಿಯ ಚೀಲಗಳನ್ನು ಎರಡೂ ಭುಜಕ್ಕೆ ನೇತುಹಾಕಿಕೊಂಡು ನಾನು ಹಿಂದೆ ಕೂತೆ. ಬಿಸಿ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಮೊಮ್ಮಗುವಿನಂತೆ ತಬ್ಬಿಕೊಂಡಿದ್ದೆ. ಸಿಗ್ನಲ್ಲಿನಲ್ಲಿ ಬೈಕು ಕೆಮ್ಮಿದಾಗ ಅದಕ್ಕೆ ಏನಾಗಿದೆ ಎಂದು ಹೇಳಹೊರಟೆ. “ಸುಮ್ಮನೆ ಕೂತುಕೊಳ್ಳಿ,” ಎಂದಳು. ಕೂತುಕೊಂಡೆ. ಹನ್ನೆರಡೂ ಮೂವತ್ತೆರಡಕ್ಕೆ ತಲುಪಿದೆವು.

ಆ ಸಂಜೆಯೇ ಜಯಮಾಲಾ ವರದಿ ಮುಗಿಸಿದಳು. ಗೋಡೆಗೆ ತಾಗಿತು ಎಂದು ಬರೆದುಬಿಡು ಎಂದು ನಾನೇ ಹೇಳಿಕೊಟ್ಟೆ. ಅವಳು ಒಪ್ಪಲಿಲ್ಲ, ಆದದ್ದನ್ನು ಆದ ಹಾಗೇ ಬರೆದಳು. ಮರುದಿನ ಬೆಳಿಗ್ಗೆ ಕಂಪನಿಯ ವ್ಯಾನು ಬಂದು, ಕುಂಕುಮ ಹಚ್ಚಿದ ಆ ಮುರುಕನ್ನು ಹೊತ್ತುಕೊಂಡು ಹೋಯಿತು. ಅವಳು ಮತ್ತೆ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ರೈಲು ಹತ್ತಿದಳು. ಹತ್ತು ದಿನ ನಾನು ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಓಡಾಡಿದೆ, ಅವಳು ಎದುರಾಗದಿರಲೆಂದು.

ಹನ್ನೊಂದನೆಯ ದಿನ ನವ್ಯಾ ಅದೇ ಸ್ಕೂಟರನ್ನು ರಿಪೇರಿ ಮಾಡಿಸಿ ತಾನೇ ಓಡಿಸಿಕೊಂಡು ಬಂದಳು. ಜಯಮಾಲಾಳ ಕೈಗೆ ಕೀ ಕೊಟ್ಟಳು.

“ಒಂದು ವರ್ಷ ನಿಮ್ದೇ, ಅಕ್ಕ. ಉಳಿದ ಇಬ್ರು ರೈಡರ್ಸ್ ಬರೀ ಸ್ಪೋರ್ಟ್ ಮೋಡ್ ಹೊಗಳಿ ಬರ್ದಿದ್ರು. ನಿಮ್ಮ ಚಮಚದ ಲೆಕ್ಕ ನೋಡಿ ಪಿಕಪ್ ಸೆಟ್ಟಿಂಗೇ ಚೇಂಜ್ ಮಾಡಿದ್ವಿ. ಮತ್ತೆ ಸದ್ದಿಲ್ಲ ಅಂತ ಯಾರಾದ್ರೂ ಆಕ್ಸಿಲರೇಟರ್ ತಿರುಗಿಸ್ತಾರೆ ಅನ್ನೋದು ನಮಗೆ ಹೊಳೆದೇ ಇರ್ಲಿಲ್ಲ. ಈಗ ಬ್ರೇಕ್ ಹಿಡೀದೆ ಹೊರಡೋದೇ ಇಲ್ಲ.”

ಹೊಟ್ಟೆಯಲ್ಲಿ ಮತ್ತೆ ಸಣ್ಣಗೆ ಉರಿಯಿತು. ಆದರೂ ಎದೆ ಸೆಟೆಸಿ ಮುಂದೆ ಬಂದೆ.

“ನೋಡಿದೆಯಾ ಜಯಮಾಲಾ? ನಿನಗೆ ಸ್ಕೂಟರು ಕಲಿಸಿದ್ದು ನಾನು. ಈ ಸ್ಕೂಟರಿನ ದೊಡ್ಡ ದೋಷ ಹಿಡಿದದ್ದೂ ನಾನು. ವರದಿಯಲ್ಲಿ ನನ್ನ ಹೆಸರು ಹಾಕುವುದು ಧರ್ಮ.”

ಜಯಮಾಲಾ ಪಾತ್ರೆಯನ್ನು ತಟ್ಟೆಯ ಮೇಲಿಟ್ಟು, ಮುಚ್ಚಳ ಸರಿಮಾಡಿ, ಬ್ರೇಕ್ ಹಿಡಿದು ನನ್ನ ಕಡೆ ತಿರುಗಿದಳು.

“ಹಾಕಿದ್ದೇನೆ ಯಜ್ಞಣ್ಣ, ಚೆಲ್ಲಿದ ಲೆಕ್ಕದಲ್ಲಿ. ಸ್ಕೂಟರು ಮೂರು ವಾರಕ್ಕೆ ಒಂದು ಲೋಟ, ನೀವು ಮೂರು ಸೆಕೆಂಡಿಗೆ ನಾಲ್ಕು ಲೀಟರ್.”