ತೆಗೆದಳೋ, ಇಟ್ಟಳೋ

ಪರದೆಯ ಮೇಲೆ ನಾಯಕ ನಾಯಕಿಯ ಸೊಂಟ ಬಳಸಿ ಕುಣಿಸುತ್ತ ಕುಣಿಸುತ್ತ ಅವಳ ಬೆರಳಿನಿಂದ ವಜ್ರದ ಉಂಗುರವನ್ನು ನಯವಾಗಿ ಜಾರಿಸುತ್ತಿದ್ದ. ಅದೇ ಗಳಿಗೆಯಲ್ಲಿ ಕತ್ತಲೊಳಗಿಂದ ಯಾವುದೋ ಕೈ ಬಂದು ಅತ್ತೆಯ ಕೈಮೇಲೆ ಕೂತಿತು. ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತೋ, ಅದು ಮೆಲ್ಲಗೆ ಒತ್ತಿತು ಬೇರೆ.

"ಕಳ್ಳ! ಕಳ್ಳ! ಹಿಡೀರಿ!" ಎಂದು ಅತ್ತೆ ಎದ್ದು ನಿಂತಳು. ಹಿಡಿಯಿರಿ ಅಂತ ಊರಿಗೆಲ್ಲ ಕೂಗಿದಳೇ ಹೊರತು ಆ ಕೈಯನ್ನು ತಾನೇ ಹಿಡಿದಿದ್ದಳು. ದಪ್ಪ ಕ್ಯಾನ್ವಾಸಿಗೆ ಸೂಜಿ ಚುಚ್ಚಿ ಚುಚ್ಚಿ ಪಳಗಿದ ಹಿಡಿತ ಅದು. ಕೈಯ ಒಡೆಯ ಕುಂಯ್ ಎಂದ. ಅವನ ಮಡಿಲಲ್ಲಿದ್ದ ಪಾಪ್‌ಕಾರ್ನ್ ಹಾರಿ, ಮುಂದಿನ ಸಾಲಿನವನ ಗುಂಗುರು ಕೂದಲಲ್ಲಿ ಹೂ ಮುಡಿದಂತೆ ಸಿಕ್ಕಿಕೊಂಡಿತು. ಸಿನಿಮಾ ನಿಂತಿತು, ದೀಪ ಹತ್ತಿತು, ಟಾರ್ಚಿನವನು ಓಡಿ ಬಂದ.

ಅತ್ತೆಯ ಆಚೆ ಬದಿಯಲ್ಲಿ ಕೂತಿದ್ದ ಅಣ್ಣನ ಮಗಳಿಗೆ ಮಾತ್ರ ಆ ದೀಪ ಬೇಡವಾಗಿತ್ತು. ಯಾಕೆಂದರೆ ಕಳ್ಳನ ಪರಿಚಯ ಅವಳಿಗಿತ್ತು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರಿಗೆ ಟೋಕನ್ ಕೊಡುವವಳು. ಅವನು ಕ್ಲಿನಿಕ್ಕಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನವನು. ಸೆಟ್ಟು ತರುತ್ತ ತರುತ್ತ ಇಬ್ಬರೂ ಸೆಟ್ಟಾಗಿದ್ದರು. ಅತ್ತೆ ಒಂದು ತುದಿ, ತಾನು ನಡುವೆ, ದೀಪ ಆರಿದ ಮೇಲೆ ಅವನು ಇನ್ನೊಂದು ತುದಿ ಎಂದು ಲೆಕ್ಕ ಹಾಕಿ ಅವಳೇ ಟಿಕೆಟ್ ತೆಗೆಸಿದ್ದಳು. ಆದರೆ ಆ ಗುಂಗುರು ಕೂದಲಿನವನು ಬಂದು ಸರಿಯಾಗಿ ಅತ್ತೆಯ ಮುಂದೆಯೇ ಕೂತ. "ಇವನ ತಲೆ ನೋಡೋಕೆ ಟಿಕೆಟ್ ತಗೊಂಡ್ನಾ? ಈ ಕಡೆ ಬಾ ನೀನು" ಎಂದು ಅತ್ತೆ ಜಾಗ ಬದಲಾಯಿಸಿಕೊಂಡಳು. ಹುಡುಗಿ ಅವನಿಗೆ ತಿಳಿಸಲು ಫೋನು ತೆಗೆದರೆ "ದೀಪ ಆರಿಸೇ, ಕಣ್ಣಿಗೆ ಹೊಡೆಯತ್ತೆ" ಅಂದಳು. ಅಲ್ಲಿಗೆ, ಅವನು ಕೈ ಹಿಡಿಯಬೇಕಾದದ್ದು ಸೊಸೆಯದು, ಹಿಡಿದದ್ದು ಅತ್ತೆಯದು ಎಂದಾಯಿತು.

"ಇವನು ನಿಮಗೆ ಗೊತ್ತಾ ಅಮ್ಮಾ?" ಟಾರ್ಚಿನವನು ಅತ್ತೆಯನ್ನು ಕೇಳಿದ.

"ನನಗೆ ಯಾಕೆ ಗೊತ್ತಿರಬೇಕು? ಅವನ ಮುಖ ನೋಡಿದ್ರೆ ಇವಳಿಗೆ ಗೊತ್ತಿರೋ ಹಾಗಿದೆ" ಎಂದು ಅತ್ತೆ ಹುಡುಗಿಯ ಕಡೆ ತಿರುಗಿದಳು. ಹುಡುಗಿ ಬಾಯಿಬಿಟ್ಟಳು. ಅತ್ತೆ ಅವನ ಕೈ ಬಿಟ್ಟಳು. ತನ್ನ ಬ್ಯಾಗನ್ನು ಇಬ್ಬರ ನಡುವಿನ ಗಡಿಯಂತೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಬಾಕಿ ಸಿನಿಮಾಕ್ಕೆ ಕೂತಳು.

ಸಿನಿಮಾ ಇಬ್ಬರು ವಂಚಕರದ್ದು. ಅವನು ಅವಳಿಗೆ ಟೋಪಿ ಹಾಕಲು ಪ್ರೀತಿಸುವಂತೆ ನಟಿಸುತ್ತಾನೆ, ಅವಳು ಅವನಿಗೆ ಟೋಪಿ ಹಾಕಲು. ನಟಿಸುತ್ತ ನಟಿಸುತ್ತ ಇಬ್ಬರಿಗೂ ನಿಜವಾಗಿಯೇ ಪ್ರೀತಿ ಹುಟ್ಟುತ್ತದೆ, ಅಥವಾ ಹಾಗೆ ನಟಿಸುತ್ತಾರೆ. ಕೊನೆಗೆ ರೈಲು ನಿಲ್ದಾಣದಲ್ಲಿ ತಬ್ಬಿಕೊಳ್ಳುತ್ತಾರೆ. ಅವಳ ಕೈ ಮೆಲ್ಲಗೆ ಅವನ ಕೋಟಿನ ಜೇಬಿನೊಳಗೆ ಇಳಿಯುತ್ತದೆ. ಪರದೆ ಕಪ್ಪಾಗುತ್ತದೆ. ಉಂಗುರವನ್ನು ತೆಗೆದಳೋ, ಇಟ್ಟಳೋ? ನಿರ್ದೇಶಕ ಅದನ್ನು ಹೇಳದೆ ಜನರ ಬಾಯಿಗೆ ಬಿಟ್ಟು ಮನೆಗೆ ಹೋಗಿದ್ದ.

ಅತ್ತೆಯ ಕಸುಬು ಟೋಪಿ. ಶಾಲೆಯ ಮಕ್ಕಳ ಟೋಪಿ, ಕಾವಲುಗಾರರ ಟೋಪಿ, ಬ್ಯಾಂಡಿನವರ ಟೋಪಿ. ಗಡಿಯಾರದಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಬ್ಬರು ಸರಿದರೆ ಇನ್ನೊಬ್ಬರು ಹೊರಡಬೇಕಾದಷ್ಟು ಜಾಗ. ಅಂಗಡಿ ತೆರೆದ ಹೊಸದರಲ್ಲಿ ಬೋರ್ಡು ಬರೆಯುವವನಿಗೆ "ಎಲ್ಲ ಅಳತೆಯ ಟೋಪಿ ಹೊಲಿಯಲಾಗುವುದು" ಎಂದು ಹೇಳಿದ್ದಳು. ಅವನು ಹೊಲಿಯುವುದನ್ನು ಮರೆತು "ಎಲ್ಲ ಅಳತೆಯ ಟೋಪಿ ಹಾಕಲಾಗುವುದು" ಎಂದು ಬರೆದು ಹೋದ. ಬೀದಿಗೆ ಬೀದಿಯೇ ನಕ್ಕಿತು. ಅತ್ತೆ ಅಳಿಸಲಿಲ್ಲ. "ಹೇಳಿ ಹಾಕೋಳು ನಾನೊಬ್ಬಳೇ. ಇರ್ಲಿ ಬಿಡು" ಅಂದಳು.

ಯಾರಾದರೂ ನಕ್ಕು ನಮಸ್ಕಾರ ಎಂದರೆ "ಏನು ಬೇಕಿತ್ತು?" ಎನ್ನುವುದು ಅವಳ ಮರುನಮಸ್ಕಾರ. ಪಕ್ಕದ ಮನೆಯವರು ಹಬೆಯಾಡುವ ಪಾತ್ರೆ ತಂದುಕೊಟ್ಟರೆ ಮೊದಲು ಮುಚ್ಚಳ ತೆಗೆಯುವುದಿಲ್ಲ, ಯಾಕೆ ತಂದಿರಬಹುದು ಎಂದು ಯೋಚಿಸುತ್ತಾಳೆ. ಅಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಅತ್ತೆ ಅತ್ತದ್ದನ್ನಂತೂ ಯಾರೂ ಕಂಡವರಿಲ್ಲ.

ಹೀಗೇ ಹುಟ್ಟಿದವಳಲ್ಲ ಎಂದು ಹುಡುಗಿಗೆ ಹೇಳಿದವರು ಗಡಿಯಾರದಂಗಡಿಯ ಯಜಮಾನರು. ಹರೆಯದಲ್ಲಿ ಅತ್ತೆಯ ಬಳಿ ಒಬ್ಬ ಬ್ಯಾಂಡ್ ಮಾಸ್ತರ ತನ್ನ ತಂಡಕ್ಕೆ ಟೋಪಿ ಹೊಲಿಸಲು ಬರುತ್ತಿದ್ದನಂತೆ. ತಂಡದ ತಲೆಗಳೆಲ್ಲ ಮುಗಿದ ಮೇಲೂ ಬರುತ್ತಿದ್ದ. ಮದುವೆಯ ಮಾತೂ ಆಡಿದ. ಒಂದು ದಿನ "ನಮ್ಮಣ್ಣನ ಮಗನಿಗೆ" ಎಂದು ಒಂದು ಪುಟ್ಟ ಟೋಪಿ ಕೇಳಿದ. ಅತ್ತೆ ಹಣೆಯ ಕಡೆ ಬಂಗಾರದ ದಾರದಲ್ಲಿ ನಕ್ಷತ್ರ ಬಿಡಿಸಿ ಕೊಟ್ಟಳು. ಸ್ವಲ್ಪ ದಿನಕ್ಕೆ ಆ ನಕ್ಷತ್ರ ಪೇಟೆಯ ನಡುಬೀದಿಯಲ್ಲಿ ಕಾಣಿಸಿತು. ಮಾಸ್ತರನ ಹೆಗಲ ಮೇಲೆ ಕೂತ ಹುಡುಗ ಅದನ್ನು ಹಾಕಿಕೊಂಡು "ಅಪ್ಪಾ, ಬಲೂನು" ಅನ್ನುತ್ತಿದ್ದ. ಪಕ್ಕದಲ್ಲಿ ಹುಡುಗನ ತಾಯಿ ಚೀಲ ಹಿಡಿದು ನಡೆಯುತ್ತಿದ್ದಳು. ತನ್ನ ಕೈಯಾರೆ ಹೊಲಿದ ಟೋಪಿಯನ್ನು ತಾನೇ ಹಾಕಿಸಿಕೊಂಡವಳು ನಿಮ್ಮತ್ತೆ ಎಂದು ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಗಡಿಯಾರದ ಹೊಟ್ಟೆಯೊಳಗೆ ನೋಡುತ್ತಾ ಹೇಳಿದ್ದರು.

ಆದ್ದರಿಂದಲೇ ಹುಡುಗಿಗೆ ದಿಗಿಲು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಅತ್ತೆಯ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಟ್ಟೆ ಚೂರುಗಳ ಮೇಲೆ ಮಲಗಿ ಬೆಳೆದವಳು ಅವಳು. ಅತ್ತೆ ಒಲ್ಲೆ ಎಂದರೆ ಅವನನ್ನು ಮದುವೆಯಾಗುವ ಧೈರ್ಯ ತನಗಿಲ್ಲ, ಧೈರ್ಯ ಬಂದರೂ ಮನಸ್ಸಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು ಕೇಳಿಯೂ ಬಿಟ್ಟಳು. "ಅವನ ಬಗ್ಗೆ ಏನಂತೀಯ ಅತ್ತೆ?"

"ಸುಳ್ಳು ಹಲ್ಲು ಮಾಡೋನು ನಿಜವಾಗಿ ನಗ್ತಾನೆ ಅಂತ ಹೇಗೆ ನಂಬೋದು? ನೋಡೋಣ" ಎಂದಳು ಅತ್ತೆ. ಆಮೇಲೆ ಸ್ವಲ್ಪ ತಡೆದು, "ಅದು ಬಿಡು. ಆ ಕೊನೇಲಿ... ತೆಗೆದಳು ಅಂತೀಯೋ, ಇಟ್ಟಳು ಅಂತೀಯೋ?"

ಹುಡುಗಿಗೆ ಹೊಳೆಯಿತು: ಇದು ಪರೀಕ್ಷೆ. "ಇಟ್ಟಳು" ಎಂದಳು. ಅತ್ತೆ ಅವಳ ಮುಖವನ್ನೇ ದಿಟ್ಟಿಸಿ "ಹೂಂ" ಎಂದು ಒಳಗೆ ಹೋದಳು.

ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಅದೇ ಪ್ರಶ್ನೆ. ತಲೆಯ ಸುತ್ತ ಟೇಪು ಬಿಗಿದು ಹಿಡಿದು, "ಆ ಸಿನಿಮಾ ನೋಡಿದ್ರಾ?" ಎಂದು ಶುರು. ಟೇಪಿನಿಂದ ತಲೆ ಬಿಡಿಸಿಕೊಳ್ಳಲಾದರೂ ಉತ್ತರ ಹೇಳಲೇಬೇಕು.

"ಚೆನ್ನಾಗಿದೆ. ಕಳ್ಳರಿಗೂ ಹೃದಯ ಇರತ್ತೆ ಅಂತ ತೋರಿಸಿದಾರೆ. ಅವಳು ಉಂಗುರ ವಾಪಸ್ ಇಟ್ಟಾಗ ನನಗೆ ಕಣ್ಣೀರೇ ಬಂತು" ಎಂದಳು ಮಹಡಿ ಮನೆಯಾಕೆ. ಅವಳು ಮೆಟ್ಟಿಲು ಹತ್ತಿದ ಮೇಲೆ ಅತ್ತೆ ಹುಡುಗಿಗೆ ಹೇಳಿದಳು, "ಇಷ್ಟು ಒಳ್ಳೆಯವಳಾಗೋಕೆ ಏನೋ ಕಾರಣ ಇರಬೇಕು."

"ಇಡೋದೆಲ್ಲಿ ಬಂತು? ತೆಗೆದೇ ತೆಗೆದಳು. ಕೈ ಒಳಗೆ ಹೋದ ವೇಗ ನೋಡಿದ್ರೆ ಗೊತ್ತಾಗಲ್ವಾ?" ಎಂದರು ಗಡಿಯಾರದ ಯಜಮಾನರು.

"ವೇಗದ ವಿಷಯ ನಿಮಗೆ ಚೆನ್ನಾಗಿ ಗೊತ್ತಲ್ಲ" ಎಂದಳು ಅತ್ತೆ.

"ಏನಮ್ಮಾ ಹಾಗಂದ್ರೆ?"

"ಏನಿಲ್ಲ, ಗಡಿಯಾರದವರು ಅಂದೆ."

ಬ್ಯಾಂಕಿನ ಕಾವಲುಗಾರ ಟೋಪಿಯ ಅಂಚು ಸಡಿಲಾಗಿದೆಯೆಂದು ಬಂದವನು, ಮೊದಲರ್ಧ ಮಾತ್ರ ಚೆನ್ನಾಗಿದೆ, ಎರಡನೇ ಅರ್ಧದಲ್ಲಿ ಪ್ರೇಕ್ಷಕರಿಗೇ ಟೋಪಿ ಎಂದ. ಕೊನೆಯ ದೃಶ್ಯದಲ್ಲಿ ತನಗೆ ತೂಕಡಿಕೆ ಬಂದಿತ್ತಂತೆ. "ಬ್ಯಾಂಕು ಕಾಯೋನು ನೀನೇ ಅಲ್ವಾ?" ಎಂದು ಅತ್ತೆ ಕೇಳಿದ್ದಕ್ಕೆ ಅವನು ಟೋಪಿ ಇಸಿದುಕೊಂಡು ಬೇಗ ಹೊರಟ.

ಫೋನಿನಲ್ಲಿ ಜನ ಬರೆದದ್ದನ್ನೂ ಹುಡುಗಿಯ ಕೈಯಲ್ಲಿ ಓದಿಸಿದಳು. ಒಬ್ಬ ಐದು ನಕ್ಷತ್ರ ಕೊಟ್ಟು "ಅಧ್ಬುತ" ಎಂದು ಬರೆದಿದ್ದ. ಇನ್ನೊಬ್ಬಳೂ ಐದು ಕೊಟ್ಟು "ಅಧ್ಬುತ ಪ್ರೇಮಕಥೆ" ಎಂದಿದ್ದಳು.

"ತೋರಿಸು" ಎಂದು ಅತ್ತೆ ಕನ್ನಡಕ ಏರಿಸಿದಳು. "ನೋಡು, ಇಬ್ಬರದ್ದೂ ಒಂದೇ ತಪ್ಪು. ಬರೆದ ಕೈ ಒಂದೇ. ಯಾರೋ ಹೇಳಿ ಬರೆಸಿದಾರೆ."

"ಎಲ್ರೂ ಆ ಪದ ಹಾಗೇ ತಪ್ಪು ಬರೀತಾರೆ ಅತ್ತೆ."

"ಹಾಗಾದ್ರೆ ಎಲ್ರಿಗೂ ಹೇಳಿ ಬರೆಸಿದಾರೆ. ಕೊನೇದು ಏನು ಬರೆದಿದಾರೆ, ಅದು ಓದು."

ಅರ್ಧ ಜನ ತೆಗೆದಳು ಎಂದಿದ್ದರು, ಅರ್ಧ ಜನ ಇಟ್ಟಳು ಎಂದಿದ್ದರು. ಒಬ್ಬ ಮಾತ್ರ, ಕೋಟು ಅವಳದೇ ಇರಬೇಕು ಎಂದಿದ್ದ.

ಹುಡುಗಿಗೆ ರೇಗಿತ್ತು, ಹೆದರಿಕೆಯೂ ಆಗಿತ್ತು. ತೆಗೆದಳು ಎಂದವರು ಅತ್ತೆಯ ಕಣ್ಣಲ್ಲಿ ಕಳ್ಳರು, ಇಟ್ಟಳು ಎಂದವರು ನಾಟಕದವರು. ಅಷ್ಟರಲ್ಲಿ ಅತ್ತೆಯೇ, "ಆ ಹಲ್ಲಿನ ಹುಡುಗನ್ನ ಭಾನುವಾರ ಟೀಗೆ ಕರಿ. ಅವನನ್ನೂ ಒಂದು ಮಾತು ಕೇಳ್ಬೇಕು" ಎಂದುಬಿಟ್ಟಳು. ಯಾವ ಮಾತು ಎಂದು ಹುಡುಗಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ ತರಬೇತಿ ಕೊಟ್ಟಳು. "ತೆಗೆದಳು ಅನ್ಬೇಡ. ಇಟ್ಟಳು ಅಂತಲೂ ಅನ್ಬೇಡ."

"ಮತ್ತೆ ಏನನ್ಲಿ?"

"ಗೊತ್ತಿಲ್ಲ. ಇನ್ನೊಂದು ವಿಷಯ, ನೀನು ಹಲ್ಲಿಗೆ ಕ್ಯಾಪ್ ಮಾಡೋ ವಿಷಯ ಮಾತ್ರ ಎತ್ತಬೇಡ. ಸೆಟ್ಟು ಅಂತ ಹೇಳು ಸಾಕು."

"ಯಾಕೆ? ಕ್ಯಾಪ್ ತಾನೇ ನನ್ನ ಮುಖ್ಯ ಕೆಲಸ?"

"ಕ್ಯಾಪ್ ಅಂದ್ರೆ ಏನೋ ಕನ್ನಡದಲ್ಲಿ?"

ಅವನು ಯೋಚಿಸಿದ. ಮುಖ ಸಣ್ಣದಾಯಿತು.

ಭಾನುವಾರ ಅವನು ಇಸ್ತ್ರಿಯ ಗೆರೆ ಕೆಡದಂತೆ ಕುರ್ಚಿಯ ತುದಿಯಲ್ಲಿ ಕೂತ. ಅತ್ತೆ ಟೀ ಕೊಡುವ ಮೊದಲು ಅವನ ತಲೆಗೆ ಟೇಪು ಸುತ್ತಿದಳು. ಅಳತೆ ನೋಡಿದಳು. ಟೇಪನ್ನು ಬಿಚ್ಚದೆಯೇ ಟೀ ಲೋಟವನ್ನು ಅವನ ಮುಂದಿಟ್ಟಳು.

"ಟೀ ತುಂಬಾ ಚೆನ್ನಾಗಿದೆ ಅತ್ತೆ" ಎಂದ ಅವನು ಗಾಬರಿಯಲ್ಲಿ.

"ನೀನಿನ್ನೂ ಕುಡಿದಿಲ್ಲ. ಅದಿರ್ಲಿ, ಯಾರು ನಿನಗೆ ಅತ್ತೆ?"

"ಅಲ್ಲ... ಸಿನಿಮಾ ನೋಡಿ ಅತ್ತೆ ಅಂದೆ. ಅಳು ಬಂತು ಅಂತ."

ಬಾಗಿಲ ಬಳಿ ನಿಂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅತ್ತೆಯ ತುಟಿಯ ಒಂದು ಕೊನೆ ಅಲುಗಿದಂತೆ ಕಂಡಿತು, ಆದರೆ ಅದು ನಗುವೋ ಅಲ್ಲವೋ ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಡುವಂತಿರಲಿಲ್ಲ.

"ಅತ್ತಿದ್ದೀಯ ಅಂದ್ಮೇಲೆ ಗಮನ ಇಟ್ಟು ನೋಡಿರ್ತೀಯ. ಹೇಳು. ಕೊನೇಲಿ ಉಂಗುರ ತೆಗೆದಳೋ, ಇಟ್ಟಳೋ?"

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತಲೆಯ ಸುತ್ತಲಿನ ಟೇಪು ಅವನೊಂದಿಗೇ ತಿರುಗಿತು.

"ನಾನು ಕೈ ನೋಡ್ಲಿಲ್ಲಮ್ಮಾ."

"ಮತ್ತೆ ಏನು ನೋಡ್ದೆ?"

"ಅವಳ ಬಾಯಿ."

"ಏನಂದೆ?"

"ಹಲ್ಲು! ಹಲ್ಲು ಅಂದೆ! ಅವಳು ನಕ್ಕಾಗ ಮುಂದಿನ ಹಲ್ಲಿನ ಬಣ್ಣ ಪಕ್ಕದ್ದಕ್ಕೆ ಹೊಂದ್ತಾ ಇರ್ಲಿಲ್ಲ. ಅದನ್ನೇ ನೋಡ್ತಾ ಇದ್ದೆ. ಯಾರೋ ಅವಸರದಲ್ಲಿ ಕ್ಯಾಪ್ ಹಾಕಿದಾರೆ. ನಾನಾಗಿದ್ರೆ ಅಂಥ ಕ್ಯಾಪ್ ಹಾಕ್ತಾನೇ ಇರ್ಲಿಲ್ಲ. ನಾನು ಹಾಕಿದ್ರೆ ಹಾಕಿದ್ದು ಯಾರಿಗೂ ಗೊತ್ತೇ ಆಗಲ್ಲ!"

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವನಿಗೆ ಹೊಳೆಯಿತು. ಹುಡುಗಿ ಬಾಗಿಲ ಚೌಕಟ್ಟಿಗೆ ತಲೆ ಒರಗಿಸಿದಳು.

"ಅಂದ್ರೆ," ಅತ್ತೆ ನಿಧಾನವಾಗಿ ಹೇಳಿದಳು, "ನೀನೂ ಟೋಪಿ ಹಾಕೋನೇ. ಗೊತ್ತೇ ಆಗದ ಹಾಗೆ."

"ಹಲ್ಲಿಗೆ ಮಾತ್ರ ಅತ್... ಅಮ್ಮಾ."

ಅತ್ತೆ ಅವನ ಬಾಯನ್ನೇ ನೋಡುತ್ತ ಕೂತಳು. ಆಮೇಲೆ ಬಗ್ಗಿ ಟೇಪು ಬಿಚ್ಚಿ ಸುರುಳಿ ಸುತ್ತತೊಡಗಿದಳು.

"ಮೋಸ ಮಾಡೋನಾಗಿದ್ರೆ ಎರಡರಲ್ಲಿ ಒಂದು ಹೇಳಿ ನನ್ನ ಬಾಯಿ ಮುಚ್ಚಿಸ್ತಿದ್ದ. ಇವನು ನೋಡ್ಲಿಲ್ಲ ಅಂದ. ಅದೂ ನಾಟಕ ಇದ್ದರೂ ಇರಬಹುದು," ಎಂದು ಹುಡುಗಿಗೆ ಹೇಳಿದಳು. ಅವನ ಕಡೆ ತಿರುಗಿ, "ಮುಂದಿನ ವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಮನೇಲಿ ಬೇರೆ ಯಾರ್ಯಾರಿದ್ದಾರೋ ಎಲ್ರನ್ನೂ. ಒಬ್ಬರನ್ನೂ ಬಿಟ್ಟು ಬರ್ಬೇಡ. ಮಕ್ಕಳಿದ್ರೆ ಮಕ್ಕಳನ್ನೂ."

"ಮಕ್ಕಳಿಲ್ಲಮ್ಮಾ. ಅಮ್ಮ ಒಬ್ಬರೇ."

"ಬಂದ್ಮೇಲೆ ನೋಡ್ತೀನಿ. ಟೀ ಕುಡಿ, ಆರಿಹೋಯ್ತು."

ಅವನು ಒಂದೇ ಗುಟುಕಿಗೆ ಕುಡಿದು, ಕೆಮ್ಮಿ, ಚಪ್ಪಲಿ ಅದಲು ಬದಲು ಮೆಟ್ಟಿ, ಮತ್ತೆ ಬಂದು ಸರಿಪಡಿಸಿಕೊಂಡು ಹೋದ. ಹುಡುಗಿ ಬಾಗಿಲು ಹಾಕಿದವಳೇ ಓಡಿಬಂದು ಅತ್ತೆಯ ಪಕ್ಕ ಕುಸಿದು ಕೂತಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

"ನಿನ್ನ ಪರೀಕ್ಷೇಲಿ ಜೀವ ಬಾಯಿಗೆ ಬಂದಿತ್ತಲ್ಲ ಅತ್ತೆ! ಬೀದಿಯವರನ್ನೆಲ್ಲ ಕೇಳಿ ಕೇಳಿ ಒಬ್ಬೊಬ್ಬರ ಯೋಗ್ಯತೆ ಅಳೆದೆ. ಈಗಲಾದ್ರೂ ಹೇಳು, ಸರಿ ಉತ್ತರ ಯಾವುದು? ನಿನ್ನ ಕಣ್ಣಿಗೆ ಏನು ಕಾಣಿಸ್ತು? ತೆಗೆದಳಾ, ಇಟ್ಟಳಾ?"

ಅತ್ತೆ ಟೇಪಿನ ಸುರುಳಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಪರೀಕ್ಷೆ ಎಂಥದ್ದೇ? ಅವಳ ಕೈ ಅವನ ಜೇಬಿಗೆ ಇಳಿಯೋ ಹೊತ್ತಿಗೆ ಇಬ್ಬರೂ ಅಷ್ಟು ಹತ್ತಿರ ಬಂದರಲ್ಲ, ನಿಮ್ಮಿಬ್ಬರ ಮುಂದೆ ಎಲ್ಲಿ ಮುತ್ತು ಗಿತ್ತು ಕೊಟ್ಟುಬಿಡ್ತಾರೋ ಅಂತ ನಾಚಿಕೆಯಾಗಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆಯೋ ಹೊತ್ತಿಗೆ ದೀಪ ಹಾಕಿದ್ರು. ನೋಡಿದ್ದಿದ್ರೆ ಊರನ್ನೆಲ್ಲ ಯಾಕೆ ಕೇಳ್ತಿದ್ದೆ?"